ಹಿಡಿಕೆಯದೋ, ಬಟನ್ನಿನದೋ

ಜಯನಗರ ನಾಲ್ಕನೇ ಬ್ಲಾಕಿನ ಆ ಕಾಫಿ ಮಷೀನಿನ ಅಂಗಡಿಯಲ್ಲಿ ವಸಿಷ್ಠ ಅವರು ಗಿರಾಕಿಯಾಗಿ ಬಂದ ಮೊದಲ ದಿನವೇ ಒಂದು ಘನಕಾರ್ಯ ಮಾಡಿದರು. ಡೆಮೊಗೆಂದು ಇಟ್ಟಿದ್ದ ಇಟಲಿಯ ದುಬಾರಿ ಎಸ್ಪ್ರೆಸೊ ಮಷೀನಿಗೆ, ಮನೆಯಿಂದ ಪೊಟ್ಟಣ ಕಟ್ಟಿಕೊಂಡು ಬಂದಿದ್ದ ಫಿಲ್ಟರ್ ಕಾಫಿಪುಡಿಯನ್ನು ತುಂಬಿಬಿಟ್ಟರು. ನಮ್ಮ ಪುಡಿಗೆ ಒಗ್ಗದ ಮಷೀನು ನಮಗೆ ಯಾತಕ್ಕೆ ಎನ್ನುವುದು ಅವರ ವಾದ. ಅಂಗಡಿಯ ಮಾಲೀಕ ಗುರುಶಾಂತಪ್ಪ ಫೋನಿನಲ್ಲಿದ್ದರು. ಅವರು ಈ ಕಡೆ ತಿರುಗುವಷ್ಟರಲ್ಲಿ ಮಷೀನು ಗುರ್ರೆಂದು ನರಳಿ, ಒಂದು ಹನಿಯನ್ನೂ ಬಿಡದೆ ಮುಷ್ಕರ ಹೂಡಿತು.

“ಚಿಕೋರಿ ನೀರು ಕುಡಿದು ಉಬ್ಬತ್ತೆ ರೀ. ಪಾಪ, ಅದಕ್ಕೆ ಉಸಿರು ಕಟ್ಟಿದೆ.”

ಹಿಂದೆ ನಿಂತಿದ್ದ ಹೆಂಗಸು ನಗು ತಡೆಯಲು ತುಟಿ ಕಚ್ಚಿಕೊಂಡಿದ್ದರು. ಅರವತ್ತರ ಆಸುಪಾಸು. ಸಾಸಿವೆ ಬಣ್ಣದ ಹತ್ತಿ ಸೀರೆ, ಬಣ್ಣ ಹಚ್ಚದ ಗಿಡ್ಡ ಕೂದಲು, ಕನ್ನಡಕದ ಹಿಂದೆ ತುಂಟ ಕಣ್ಣು.

“ನೀವೇನು ಕೆಮಿಸ್ಟ್ರಿ ಟೀಚರ್ರಾ?” ಎಂದರು ವಸಿಷ್ಠ, ಮುಖ ಕೆಂಪು ಮಾಡಿಕೊಂಡು.

“ಲೆಕ್ಚರರ್. ರಿಟೈರಾಗಿದ್ದೀನಿ. ಬಯ್ಯೋ ಚಾಳಿ ಮಾತ್ರ ಇನ್ನೂ ರಿಟೈರಾಗಿಲ್ಲ.”

ಅವರೇ ಪಂಕಜಾ. ಜೆ.ಪಿ. ನಗರದಲ್ಲಿ ಒಬ್ಬರೇ ಇದ್ದರು, ಮದುವೆಯಾಗಿರಲಿಲ್ಲ. ನಿವೃತ್ತಿಯಾದ ಖುಷಿಗೆ ತಮಗೆ ತಾವೇ ಒಂದು ಒಳ್ಳೆಯ ಮಷೀನು ಕೊಡಿಸಿಕೊಳ್ಳಲು ಬಂದಿದ್ದರು. ವಸಿಷ್ಠ ಬ್ಯಾಂಕಿನಿಂದ ನಿವೃತ್ತರಾದವರು. ಹೆಂಡತಿ ಮೈತ್ರೇಯಿ ತೀರಿಹೋದ ಮೇಲೆ ಬೆಳಗ್ಗೆ ಫಿಲ್ಟರಿನ ಮುಂದೆ ನಿಲ್ಲುವುದೇ ಅವರಿಗೆ ಸಂಕಟವಾಗಿತ್ತು. ಅಡುಗೆಮನೆಯಲ್ಲಿ ಬೇರೆಯದೇ ಒಂದು ವಾಸನೆ, ಬೇರೆಯದೇ ಒಂದು ಸದ್ದು ಬರಲಿ ಎಂದು ಹೊರಟಿದ್ದರು.

ಇಬ್ಬರೂ ಅವತ್ತು ಏನನ್ನೂ ಕೊಳ್ಳಲಿಲ್ಲ. ಮುಂದಿನ ಶನಿವಾರ ಮತ್ತೆ ಬಂದರು, ಅದರ ಮುಂದಿನ ಶನಿವಾರವೂ ಬಂದರು. ಗುರುಶಾಂತಪ್ಪನವರಿಗೆ ವಿಷಯ ಎಂದೋ ಅರ್ಥವಾಗಿತ್ತು. ಗಲ್ಲಾದಲ್ಲಿ ಕೂತು ಪೇಪರಿನ ಮರೆಯಲ್ಲಿ ನಗುತ್ತಿದ್ದರೇ ಹೊರತು, “ಏನು ತಗೋತೀರಾ ಸಾರ್?” ಎಂದು ಒಂದು ದಿನವೂ ಕೇಳಲಿಲ್ಲ. ಅಂಗಡಿಯಿಂದ ಹೊರಟವರು ಪಾರ್ಕಿನ ಕಲ್ಲುಬೆಂಚಿನಲ್ಲಿ ಕೂತು ಮಾತಿಗಿಳಿದರೆ, ಬಿಸಿಲು ನೆತ್ತಿಗೆ ಬಂದದ್ದೂ ಗೊತ್ತಾಗುತ್ತಿರಲಿಲ್ಲ. ಪಾರ್ಶ್ವವಾಯು ಬಡಿದು ಮೈತ್ರೇಯಿ ವರ್ಷಗಟ್ಟಲೆ ಹಾಸಿಗೆ ಹಿಡಿದದ್ದು, ತಾವು ಚಮಚದಲ್ಲಿ ಕಾಫಿ ಕುಡಿಸುತ್ತಿದ್ದದ್ದು, ಯಾರಿಗೂ ಹೇಳದ ಅದೆಲ್ಲವನ್ನೂ ವಸಿಷ್ಠ ಪಂಕಜಾರಿಗೆ ಹೇಳಿಕೊಂಡರು. ಹೇಳಿದ ಮೇಲೆ ಎದೆ ಹಗುರಾಯಿತು.

ಹೀಗಿರುವಾಗ ಒಂದು ಶನಿವಾರ ವಸಿಷ್ಠ ನೆಲ ನೋಡುತ್ತಾ ಕೇಳಿದರು. “ಅಲ್ಲಾ ಪಂಕಜಾ, ಎರಡು ಮನೆಗೆ ಎರಡು ಮಷೀನು ಯಾಕೆ? ಒಂದೇ ಮನೆ ಆದ್ರೆ ಒಂದೇ ಸಾಕಲ್ವಾ?”

ಪಂಕಜಾ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಆಮೇಲೆ, “ಮಷೀನು ಯಾವುದು ಅನ್ನೋದನ್ನ ನಾನೇ ಹೇಳೋದು, ಆಗಬಹುದಾ?” ಎಂದರು. ವಸಿಷ್ಠರಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು.

ಜಗಳ ಶುರುವಾದದ್ದೇ ಅಲ್ಲಿಂದ. ವಸಿಷ್ಠರ ಮನಸ್ಸು ಹಿಡಿಕೆಯ ಮಷೀನಿನ ಮೇಲೆ ಕೂತಿತ್ತು. ಪುಡಿಯನ್ನು ಸಮವಾಗಿ ಒತ್ತಿ, ಉದ್ದನೆಯ ಹಿಡಿಕೆಯನ್ನು ಕೆಳಕ್ಕೆ ಎಳೆದು, ಕೈಯ ಹದದಲ್ಲೇ ಕಾಫಿ ಇಳಿಸಬೇಕು. ಪಂಕಜಾ ತೋರಿಸಿದ್ದು ಪೂರ್ತಿ ಆಟೊಮ್ಯಾಟಿಕ್. ಒಂದು ಬಟನ್ ಒತ್ತಿದರೆ ಬೀಜ ಪುಡಿಯಾಗುವುದರಿಂದ ಹಿಡಿದು ಹಾಲು ನೊರೆಯೇಳುವವರೆಗೆ ಎಲ್ಲ ಅದರದ್ದೇ ಕೆಲಸ.

“ಬಟನ್ ಒತ್ತಿದ್ರೆ ಬರೋದು ಲಿಫ್ಟು ಕಣ್ರೀ, ಕಾಫಿ ಅಲ್ಲ.”

“ಕೈಗೆ ಕೆಲಸ ಬೇಕು ಅಂದ್ರೆ ಚಪಾತಿ ಲಟ್ಟಿಸಿ. ಬೆಳಗ್ಗೆ ಎದ್ದು ಆ ಹಿಡಿಕೆ ಜೊತೆ ಯಾರು ಕುಸ್ತಿ ಆಡ್ತಾರೆ?”

“ಇಷ್ಟು ರಸಿಕರು ನೀವು, ನಿಮಗ್ಯಾಕೆ ಈ ಸೋಮಾರಿ ಮಷೀನು?”

ಪಂಕಜಾ ಓರೆಗಣ್ಣಲ್ಲಿ ನೋಡಿ ನಗುತ್ತಿದ್ದರು. ಡೆಮೊ ಕಾಫಿಯನ್ನು ಕಪ್ಪಿನಲ್ಲಿ ಅರ್ಧಕ್ಕೇ ನಿಲ್ಲಿಸಲು ಹೇಳುತ್ತಿದ್ದರು. ಬಲಗೈ ಸದಾ ಸೆರಗಿನ ಮರೆಯಲ್ಲಿರುತ್ತಿತ್ತು. ಜೀವನವಿಡೀ ಬೈ-ಟು ಕಾಫಿ ಕುಡಿದವರ ಅಭ್ಯಾಸವೆಂದು ಅರ್ಧ ಕಪ್ಪಿಗೂ, ಈ ವಯಸ್ಸಿನಲ್ಲೂ ಎಂಥಾ ನಾಚಿಕೆಯೆಂದು ಸೆರಗಿಗೂ ವಸಿಷ್ಠ ತಾವೇ ಅರ್ಥ ಹಚ್ಚಿಕೊಂಡು ಒಳಗೊಳಗೇ ಹಿಗ್ಗುತ್ತಿದ್ದರು. ಪ್ರೀತಿಯಲ್ಲಿ ಬಿದ್ದ ಗಂಡಸಿಗೆ ಎಲ್ಲವೂ ತನ್ನ ಸಲುವಾಗಿಯೇ ಕಾಣುತ್ತದೆ, ಏನು ಮಾಡುವುದು!

ಒಂದೆರಡು ವಾರ ಪಂಕಜಾ ಬರಲಿಲ್ಲ, ಮೈ ಸರಿಯಿಲ್ಲವೆಂದು ಮೆಸೇಜು ಕಳಿಸಿದ್ದರು. ಆಮೇಲೆ ಬಂದ ಶನಿವಾರ, ಅಂಗಡಿಗೆ ಕಾಲಿಟ್ಟವರೇ ಹೇಳಿದರು.

“ಹಿಡಿಕೆಯದನ್ನೇ ತಗೊಳ್ಳಿ ವಸಿಷ್ಠ. ನಿಮಗೆ ಅದೇ ಸರಿ.”

“ಕೇಳಿಸ್ತೇನ್ರೀ ಗುರುಶಾಂತಪ್ಪನೋರೇ? ಗೆದ್ದೆ ನಾನು!” ಎಂದು ವಸಿಷ್ಠ ಕುಣಿದೇಬಿಟ್ಟರು. ಪುಡಿ ಒತ್ತಿ, ಹಿಡಿಕೆ ಎಳೆದು, ಜೇನಿನ ಬಣ್ಣದ ನೊರೆಯ ಕಾಫಿಯನ್ನು ತಾವೇ ಇಳಿಸಿದರು. “ಬನ್ನಿ, ಇನ್ನೊಂದನ್ನ ನೀವು ಎಳೀರಿ. ನಾಳೆ ಮನೇಲಿ ಒಂದು ದಿನ ನಾನು, ಒಂದು ದಿನ ನೀವು.”

“ನಾನು ಆ ಮನೆಗೆ ಬರ್ತಿಲ್ಲ.”

ವಸಿಷ್ಠ ತಮಾಷೆಯೆಂದುಕೊಂಡು ನಕ್ಕರು. ಪಂಕಜಾ ಸೆರಗಿನ ಮರೆಯಿಂದ ಬಲಗೈಯನ್ನು ತೆಗೆದು ಕೌಂಟರಿನ ಮೇಲಿಟ್ಟರು. ಅದು ಸುಮ್ಮನಿರಲಿಲ್ಲ. ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಾ ತನ್ನಷ್ಟಕ್ಕೇ ನಡುಗುತ್ತಿತ್ತು.

“ಪಾರ್ಕಿನ್ಸನ್ಸ್ ಅಂತೆ. ಮೊದಮೊದಲು ನಾನೂ ವಯಸ್ಸಿನ ನಡುಕ ಅಂದ್ಕೊಂಡಿದ್ದೆ. ಬಟನ್ ಮಷೀನಾದ್ರೆ ಈ ಕೈಲೂ ನಿಮಗೆ ನಾಲ್ಕು ದಿನ ಕಾಫಿ ಮಾಡಿಕೊಡಬಹುದು ಅಂತ ಆಸೆ ಇತ್ತು. ಈಗ ಡಾಕ್ಟರು ಖಚಿತವಾಗಿ ಹೇಳಿದ್ರು. ಇದು ವಾಸಿ ಆಗೋದಲ್ಲ, ಜಾಸ್ತಿ ಆಗೋದು.”

“ಅಷ್ಟೇ ತಾನೇ? ನಾನಿಲ್ವಾ?” ವಸಿಷ್ಠರ ದನಿ ಒಡೆಯಿತು. “ನೀವಂದ್ರೆ ನನಗೆ ಪ್ರಾಣ ಕಣ್ರೀ.”

“ಗೊತ್ತು. ನನಗೂ ನೀವಂದ್ರೆ ಅಷ್ಟೇ. ಆದ್ರೆ ಪಾರ್ಕಲ್ಲಿ ನೀವೇ ಹೇಳಿದ್ರಿ. ಮೈತ್ರೇಯಿಗೆ ಮಾಡಿದ್ದಕ್ಕೆ ಬೇಜಾರಿಲ್ಲ, ಆದ್ರೆ ಇನ್ನೊಂದ್ಸಲ ಅದನ್ನ ನೋಡೋ ಶಕ್ತಿ ನನಗೆ ದೇವರು ಕೊಟ್ಟಿಲ್ಲ ಅಂತ. ಆ ಮಾತು ಈಗ ಸುಳ್ಳು ಅನ್ನಿ, ಬಂದುಬಿಡ್ತೀನಿ.”

ಪಂಕಜಾ ವಸಿಷ್ಠರ ಮುಖವನ್ನೇ ನೋಡುತ್ತಾ ನಿಂತರು. ಆ ಕಣ್ಣಿನಲ್ಲಿ ಎಳ್ಳಷ್ಟು ಆಸೆ ಇನ್ನೂ ಇತ್ತು, ಅದು ವಸಿಷ್ಠರಿಗೆ ಕಂಡಿತು. ಸುಳ್ಳು ಎನ್ನಬೇಕು, ಒಂದೇ ಮಾತು. ಆದರೆ ಬೆನ್ನು ಹುಣ್ಣಾಗದಂತೆ ಮೈತ್ರೇಯಿಯನ್ನು ಮಗ್ಗುಲು ಬದಲಿಸಿದ ರಾತ್ರಿಗಳು, ಬಟ್ಟಲು ಕಂಡರೆ ಮುಖ ತಿರುಗಿಸುತ್ತಿದ್ದ ಅವಳ ಕೊನೆಯ ದಿನಗಳು ಒಮ್ಮೆಲೇ ನುಗ್ಗಿ ಬಂದವು. ವಸಿಷ್ಠ ಕಣ್ಣು ತಗ್ಗಿಸಿ, ಕೌಂಟರಿನ ಮೇಲೆ ಉದುರಿದ್ದ ಕಾಫಿಪುಡಿಯನ್ನು ಒಂದು ಕಡೆ ಒಟ್ಟುಮಾಡತೊಡಗಿದರು.

ಪಂಕಜಾ ತಲೆಯಾಡಿಸಿದರು. ಸಿಟ್ಟಿರಲಿಲ್ಲ. ಆರುತ್ತಿದ್ದ ಕಾಫಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಒಂದಿಷ್ಟು ಸಾಸರಿಗೆ ಚೆಲ್ಲಿತು, ಇವತ್ತು ಅವರು ಮುಚ್ಚಿಡಲಿಲ್ಲ.

“ಸುಳ್ಳು ಹೇಳಲಿಲ್ವಲ್ಲ, ಅಷ್ಟು ಸಾಕು. ಕಾಫಿ ತುಂಬ ಚೆನ್ನಾಗಿದೆ ವಸಿಷ್ಠ. ಒಬ್ಬನೇ ಇದ್ದೀನಿ ಅಂತ ಮಾಡ್ಕೊಳ್ಳೋದು ಬಿಡಬೇಡಿ.”

ಅವರ ತೋಳನ್ನು ಒಮ್ಮೆ ಮುಟ್ಟಿ, ಹೊರಗೆ ಆಟೊ ಹತ್ತಿ ಹೋದರು. ವಸಿಷ್ಠ ಬಾಗಿಲವರೆಗೆ ಹೋದವರು ಅಲ್ಲೇ ನಿಂತುಬಿಟ್ಟರು. ಕೂಗಿದ್ದರೆ ಕೇಳಿಸುವಷ್ಟು ಹತ್ತಿರದಲ್ಲೇ, ಸಿಗ್ನಲ್ಲಿನಲ್ಲಿ ಆ ಆಟೊ ನಿಂತಿತ್ತು.

ಗುರುಶಾಂತಪ್ಪ ಮೆಲ್ಲಗೆ ಹತ್ತಿರ ಬಂದರು. “ಸಾರ್, ಹಿಡಿಕೆಯದು ಎತ್ತಿಡ್ಲಾ?”

“ಬೇಡ. ಬಟನ್ನಿಂದು ಕೊಡಿ. ನೀರಿನ ಡಬ್ಬ ಮುಂದುಗಡೆ ಇರೋದು ನೋಡಿ, ಭಾರ ಎತ್ತಿ ಸುರಿಯೋದು ಅವರಿಗೆ ಆಗಲ್ಲ. ಜೆ.ಪಿ. ನಗರಕ್ಕೆ, ಪಂಕಜಾ ಅವರ ಮನೆಗೇ ಕಳಿಸಿ.”

“ಆಯ್ತು ಸಾರ್. ಫಿಟ್ ಮಾಡೋಕೆ ನಾನೇ ಹೋಗ್ತೀನಿ. ನೀವೂ ಅಲ್ಲಿರ್ತೀರಲ್ಲ?”

“ಇಲ್ಲ ಗುರುಶಾಂತಪ್ಪನೋರೇ,” ಎಂದರು ವಸಿಷ್ಠ. “ಅವರೊಬ್ಬರೇ ಇರ್ತಾರೆ.”

ಆ ಮಾತು ತಮ್ಮ ಕಿವಿಗೇ ಬಿದ್ದ ಮೇಲೆ ಅವರು ಸ್ಟೂಲಿನ ಮೇಲೆ ಕುಸಿದು ಕೂತು, ಶನಿವಾರದ ಗಿರಾಕಿಗಳೆಲ್ಲ ನೋಡುತ್ತಿದ್ದಂತೆ ಅತ್ತರು.