ಮೆಟ್ಟಿಲ ಪಕ್ಕದ ಪೈಪು

ಸಾಹೇಬರ ಬೂಟಿನ ಸದ್ದು ಕೇಳಿದ್ದೇ ತಡ, ಅಮ್ಮ ಒದ್ದೆ ಬೆಡ್‌ಶೀಟನ್ನು ಮೆಟ್ಟಿಲ ಪಕ್ಕದ ಪೈಪಿನ ಮೇಲೆ ಹರವಿದಳು.

"ಬಾಯಿ ಮುಚ್ಕೊಂಡಿರು" ಎಂದು ಮೈಕುವಿನ ತೋಳು ಚಿವುಟಿದಳು.

ಹುಡುಗಿಯ ನಿಜವಾದ ಹೆಸರು ಬೇರೆ. ಗಂಟಲು ದೊಡ್ಡದೆಂದು ಇಡೀ ಕಟ್ಟಡವೇ ಅವಳನ್ನು ಮೈಕು ಎಂದು ಕರೆಯುತ್ತಿತ್ತು.

ಅದು ಇನ್ನೂರು ವರ್ಷದ ಕಟ್ಟಡ. ಅದನ್ನು ಕಾಪಾಡಲು ಒಂದು ಆಫೀಸೇ ಇತ್ತು. ವರ್ಷಕ್ಕೊಮ್ಮೆ ಅಲ್ಲಿಂದ ಸಾಹೇಬರು ಫೈಲು ಹಿಡಿದು ಬರುತ್ತಿದ್ದರು. ಅವರು ಬಂದಾಗಲೆಲ್ಲ ಆ ಪೈಪಿನ ಮೇಲೆ ಬೆಡ್‌ಶೀಟು ಒಣಗುತ್ತಿತ್ತು. ಮೂರನೇ ಮಹಡಿಯ ಅಜ್ಜಿ ಹಿಡಿದುಕೊಂಡು ಇಳಿಯಲೆಂದು ವೆಲ್ಡಿಂಗ್ ಕೆಲಸದ ಅಪ್ಪ ಹಾಕಿಕೊಟ್ಟ ಪೈಪು ಅದು. ಸುರುಳಿ ಮೆಟ್ಟಿಲು, ಸವೆದ ಕಲ್ಲು, ಹಿಡಿಯಲು ಬೇರೇನೂ ಇರಲಿಲ್ಲ.

"ಈ ಕಲ್ಲು ಎಲ್ಲಿಂದ ತಂದಿದ್ದು ಗೊತ್ತಾ ಪುಟ್ಟಿ?" ಸಾಹೇಬರು ಕೇಳಿದರು.

"ನದಿ ಆಚೆ ಇರೋ ಕಲ್ಲುಗಣಿಯಿಂದ ಸರ್. ಸ್ಕೂಲ್ ಪ್ರಾಜೆಕ್ಟ್‌ಗೆ ಬರೆದಿದ್ದೆ. ಫಸ್ಟ್ ಪ್ರೈಜ್ ಬಂತು."

"ಭೇಷ್. ಹಾಗಾದ್ರೆ ರೂಲ್ಸೂ ಗೊತ್ತಿರಬೇಕಲ್ಲ?"

"ಗೋಡೆಗೆ ಒಂದು ಮೊಳೆನೂ ಹೊಡೀಬಾರ್ದು ಸರ್."

"ನಮ್ಮ ಆಫೀಸಲ್ಲೂ ಎಷ್ಟೋ ಜನಕ್ಕೆ ಇಷ್ಟು ಗೊತ್ತಿಲ್ಲ ನೋಡು."

ಮೈಕು ಹಿಗ್ಗಿ ಹೀರೇಕಾಯಿಯಾದಳು. "ನಮ್ಮಪ್ಪ ಮೊಳೆ ಹೊಡೆದೇ ಇಲ್ಲ ಸರ್. ಬೋಲ್ಟ್ ಹಾಕಿದ್ದಾರೆ. ಆರು. ಆನೆ ಎಳೆದ್ರೂ ಬರಲ್ಲ."

ಅಮ್ಮನ ಮುಖ ಸುಣ್ಣವಾಯಿತು. ಸಾಹೇಬರು ಎರಡೇ ಬೆರಳಲ್ಲಿ ಬೆಡ್‌ಶೀಟು ಎತ್ತಿದರು.

"ಮೇಲಿನ ಅಜ್ಜಿಗೆ ಮಂಡಿನೋವು ಸಾರ್" ಎಂದಳು ಅಮ್ಮ.

"ಅರ್ಥ ಆಗುತ್ತಮ್ಮ. ರೂಲ್ಸ್ ನಾನು ಮಾಡಿದ್ದಲ್ಲ" ಎನ್ನುತ್ತಲೇ ಸಾಹೇಬರು ಫೈಲಿನಲ್ಲಿ ಬರೆದುಕೊಂಡರು.

ವಾರದೊಳಗೆ ಇಬ್ಬರು ಬಂದು ಪೈಪು ಕಿತ್ತರು. ತೂತುಗಳಿಗೆ ಗಾರೆ ತುಂಬಿ, ಮಗುವಿನ ಕೆನ್ನೆ ಸವರುವ ಹಾಗೆ ಗೋಡೆ ಸವರಿದರು.

"ಗೋಡೆಗೆ ಗಾಯ ಆಗಬಾರದಂತೆ. ಮುದುಕಿ ಸೊಂಟ ಮುರಿದ್ರೆ ಅವರ ಗಂಟೇನು ಹೋಗುತ್ತೆ" ಎಂದ ಅಪ್ಪ. ಮೈಕುವಿಗೆ ಮಾತ್ರ ಏನೂ ಬೈಯಲಿಲ್ಲ. ಎರಡು ಬಾರಿಸಿದ್ದರೇ ಚೆನ್ನಾಗಿತ್ತು ಎನಿಸಿತು ಅವಳಿಗೆ.

ಅಜ್ಜಿ ದಿನಾ ಸಂಜೆ ಕೆಳಗಿಳಿದು, ಬೀದಿಬಾಗಿಲ ದರ್ಜಿಯ ಜೊತೆ ಹರಟುತ್ತಿದ್ದರು. ಈಗ ಮೂರು ದಿನದಿಂದ ಬಂದಿರಲಿಲ್ಲ. ಮೈಕು ಮೇಲೆ ಓಡಿದಳು.

"ನನ್ನ ಭುಜ ಹಿಡ್ಕೊಳ್ಳಿ ಅಜ್ಜಿ. ನಾನು ಇಳಿಸ್ತೀನಿ."

ಅಜ್ಜಿ ಹಿಡಿದರು. ಒಂದು ಮೆಟ್ಟಿಲು ಇಳಿಯುವಷ್ಟರಲ್ಲಿ ಮೈಕು ಅಜ್ಜಿಯ ಭಾರಕ್ಕೆ ವಾಲಿದಳು.

"ಬೇಡ ಕಣೇ. ಇಬ್ಬರೂ ಕುಂಬಳಕಾಯಿ ಥರ ಉರುಳ್ತೀವಿ." ಅಜ್ಜಿ ನಕ್ಕು, ಅಲ್ಲೇ ಮೆಟ್ಟಿಲ ಮೇಲೆ ಕೂತರು.

ಮೈಕು ಪಕ್ಕದಲ್ಲಿ ಕೂತಳು. "ಬೋಲ್ಟ್ ವಿಷಯ ಹೇಳಿದ್ದು ನಾನೇ ಅಜ್ಜಿ."

"ಗೊತ್ತು."

ದರ್ಜಿಯ ಮೆಷಿನ್ನು, ಸೈಕಲ್ ಬೆಲ್ಲು, ಯಾರದೋ ನಗು, ಎಲ್ಲ ಮೆಟ್ಟಿಲ ಸುರುಳಿಯಲ್ಲಿ ಹತ್ತಿ ಬರುತ್ತಿದ್ದವು. ಅಜ್ಜಿ ಕತ್ತು ವಾಲಿಸಿ ಅದನ್ನೇ ಕೇಳುತ್ತಿದ್ದರು.

ಕೆಳಗಿನಿಂದ ಗೆಳತಿಯರು ಆಟಕ್ಕೆ ಕೂಗಿದರು. ಒಂದೇ ಉಸಿರಿಗೆ ಇಳಿದುಬಿಡಬಹುದಿತ್ತು. ಮೈಕು ಇಳಿಯಲಿಲ್ಲ.