ಮರಿಗಳ ಮೇಲಿದ್ದ ಜಾಲರಿ

ಕವುಚಿಟ್ಟಿದ್ದ ಕಬ್ಬಿಣದ ಜಾಲರಿಯನ್ನು ಎತ್ತಿ, ಅದರಡಿಯಿದ್ದ ಕೋಳಿಮರಿಗಳನ್ನು ಬುಟ್ಟಿಗೆ ತುಂಬಿ, ಸೊಸೆ ಜಾಲರಿಯನ್ನು ಸೊಂಟಕ್ಕಾನಿಸಿಕೊಂಡು ಕೊಟ್ಟಿಗೆಯತ್ತ ಹೊರಟಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತರು.

“ಎಲ್ಲಿಗೆ ಹೊತ್ಕೊಂಡು ಹೊರಟೆ?”

“ಮೇವಿನ ಯಂತ್ರಕ್ಕೆ, ಅತ್ತೆ. ಅದರದ್ದೇ ಅಲ್ವಾ ಇದು?”

“ಮರಿಗಳನ್ನ ಬೆಕ್ಕು ತಿನ್ನಲಿ ಅಂತಾನಾ? ಬಂದು ವರ್ಷ ತುಂಬಿಲ್ಲ, ಯಾವುದು ಎಲ್ಲಿರಬೇಕು ಅಂತ ನನಗೇ ಪಾಠ ಹೇಳ್ತಾಳೆ ಮಹಾರಾಣಿ.”

ಸೊಸೆ ಜಾಲರಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಜಗಳವಾಡುವ ತ್ರಾಣ ಅವಳಲ್ಲಿರಲಿಲ್ಲ. ಹಿಂದಿನ ಸಂಜೆ ಗಂಡ ಮೇವು ಕತ್ತರಿಸುತ್ತಿದ್ದಾಗ ಓಡುವ ಬೆಲ್ಟು ಅವನ ಹೆಗಲ ಮೇಲಿನ ಟವೆಲನ್ನು ಕಿತ್ತುಕೊಂಡು, ಕಣ್ಣು ಮುಚ್ಚಿ ತೆರೆಯುವುದರೊಳಗೆ ಚಿಂದಿ ಮಾಡಿ ಉಗುಳಿತ್ತು. ಅವನು ನಕ್ಕುಬಿಟ್ಟಿದ್ದ. ಹಳೇ ಟವೆಲು, ಹೋದರೆ ಹೋಯಿತು, ಇನ್ನು ಹುಷಾರಾಗಿರುತ್ತೇನೆ ಎಂದಿದ್ದ. ಅವಳಿಗೆ ಮಾತ್ರ ಆಗಿನಿಂದ ಕಣ್ಣಿಗೆ ಕಟ್ಟಿದ್ದು ಭಾವನ, ಗಂಡನ ಅಣ್ಣನ, ಬಲಗೈ... ಮಣಿಕಟ್ಟಿನಲ್ಲೇ ಮುಗಿದುಹೋದ ಕೈ. ಭಾವನೇನು ಹುಷಾರಿಲ್ಲದ ಮನುಷ್ಯನೇ?

ಅವಳು ಈ ಮನೆಗೆ ಬರುವ ಮೊದಲೇ ನಡೆದದ್ದು ಅದು. ಮೋಟಾರಿಗೂ ಯಂತ್ರಕ್ಕೂ ನಡುವಿನ ಬೆಲ್ಟು ಆಗಾಗ ಜಾರುತ್ತಿತ್ತು. ಪ್ರತಿಸಲವೂ ಸ್ವಿಚ್ಚು ಆರಿಸಿ, ನಟ್ಟು ಬಿಚ್ಚಿ, ಬೆಲ್ಟಿಗೆ ಕೈ ತಾಗದಂತೆ ಮುಚ್ಚಿದ್ದ ಜಾಲರಿ ತೆಗೆದು, ಬೆಲ್ಟು ಏರಿಸಿ, ಮತ್ತೆ ಬಿಗಿಯುವಷ್ಟರಲ್ಲಿ ಹಸುಗಳಿಗೆ ಕೂಗಿ ಕೂಗಿ ಸಾಕಾಗುತ್ತಿತ್ತು. ಒಂದು ದಿನ ಜಾಲರಿ ಕಳಚಿದ್ದು ಮತ್ತೆ ಏರಲೇ ಇಲ್ಲ. ಅತ್ತೆ ಅದನ್ನು ಒಳಗೆ ತಂದು ಮರಿಗಳ ಮೇಲೆ ಕವುಚಿದರು; ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಕೆಲವೇ ವಾರಗಳಲ್ಲಿ ಹಿರಿಮಗನ ಅಂಗಿಯ ತೋಳು ಬೆಲ್ಟಿಗೆ ಸಿಕ್ಕಿತು. ಕೈ ಹೋಯಿತು; ಗೊತ್ತಾಗಿದ್ದ ಮದುವೆಯೂ ಹೋಯಿತು. ನೋಡಲು ಬಂದವರಿಗೆಲ್ಲ ಅತ್ತೆ ಹೇಳಿದ್ದು ಒಂದೇ ಮಾತು, ಅವನ ಹಣೆಬರಹ ಎಂದು. ಮಗನೂ ತಲೆಯಾಡಿಸಿದ. ಜಾಲರಿಯನ್ನು ಯಂತ್ರಕ್ಕೆ ಮರಳಿಸಿದರೆ ಆ ಮಾತು ಸುಳ್ಳಾಗುತ್ತಿತ್ತು. ಅದಕ್ಕೇ ಅದನ್ನು ಯಾರೂ ಮುಟ್ಟಲಿಲ್ಲ. ಮರಿಗಳು ಬೆಳೆದು ಕೋಳಿಗಳಾದವು. ಅದರಡಿಗೆ ಬೇರೆ ಮರಿಗಳು ಬಂದವು.

“ಕೇಳು,” ಎಂದರು ಅತ್ತೆ. ದನಿ ಏರಲಿಲ್ಲ, ಆರಿದ ಬೂದಿಯಂತಿತ್ತು. “ಅದನ್ನ ಅಲ್ಲಿ ಹಾಕಿದ್ಮೇಲೆ ನೀನು ಈ ಮನೇಲಿ ಇರಬೇಡ. ನಿಮ್ಮಪ್ಪನ ಮನೆ ದಾರಿ ಗೊತ್ತಿದೆಯಲ್ಲ.”

ಗಂಡ ಅಂಗಳದಲ್ಲೇ ಇದ್ದ. ಅಮ್ಮನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಕೊನೆಗೆ ನೆಲ ನೋಡಿದ.

“ಆಗಲಿ ಅತ್ತೆ,” ಎಂದಳು ಸೊಸೆ. “ಇವರ ಕೈ ನೆಟ್ಟಗಿರಲಿ. ಹಾಕಿಬಿಟ್ಟೇ ಹೋಗ್ತೀನಿ.”

ಕೊಟ್ಟಿಗೆಯಲ್ಲಿ ಮೋಟಾರಿನ ಸ್ವಿಚ್ಚು ಆರಿಸಿ ಅವಳು ಜಾಲರಿಯನ್ನು ಬೆಲ್ಟಿನ ಮೇಲೆ ಕೂರಿಸಲು ಹೆಣಗಿದಳು. ಒಂದು ಕಡೆ ಹಿಡಿದರೆ ಇನ್ನೊಂದು ಕಡೆ ಜಾರುತ್ತಿತ್ತು. ತುಕ್ಕು ಹಿಡಿದ ನಟ್ಟು ಬೆರಳು ತರಚಿತು. ಇದ್ದಕ್ಕಿದ್ದಂತೆ ಜಾಲರಿ ಅಲುಗಾಡದೆ ನಿಂತಿತು. ತಲೆಯೆತ್ತಿದರೆ ಭಾವ! ಎಡಗೈಯಲ್ಲಿ ಒಂದು ಅಂಚು ಹಿಡಿದು, ಇನ್ನೊಂದು ಅಂಚನ್ನು ಬಲಗೈಯ ಮೋಟಿನಿಂದ ಅದುಮಿಕೊಂಡು ಮಂಡಿಯೂರಿದ್ದ.

“ನೀನೂನಾ?” ಬೆನ್ನ ಹಿಂದೆ ಅತ್ತೆಯ ದನಿ ಕೇಳಿಸಿತು.

ಹಿರಿಮಗ ತಿರುಗಲಿಲ್ಲ. ಬಹಳ ದಿನದಿಂದ ಹೊತ್ತ ಮೂಟೆಯನ್ನು ಇಳಿಸಲು ಜಾಗ ಹುಡುಕುವವನಂತೆ ನಿಧಾನವಾಗಿ ಹೇಳಿದ.

“ಅಮ್ಮಾ, ಹಣೆಬರಹ ಅಂತ ನೀನಂದೆ, ನಾನು ಹೂಂ ಅಂದೆ. ನೀನು ಜೀವ ಹಿಡ್ಕೊಂಡಿರೋಕೆ ಅದು ಬೇಕಿತ್ತು. ತಮ್ಮನ ಕೈ ಹೋದ್ರೂ ಹಾಗೇ ಹೂಂ ಅನ್ನೋಕೆ ನನ್ನಿಂದಾಗಲ್ಲ.”

“ಹಾಗಾದ್ರೆ ನಾನೇ...” ಅತ್ತೆ ಎರಡು ಹೆಜ್ಜೆ ಒಳಗೆ ಬಂದರು.

“ತೆಗೆದಿಡು ಅಂತ ನೀನಂದೆ. ಬಿಚ್ಚಿದ್ದು ನಾನು. ಯಾರು ಹೇಳಿದ್ರು, ಯಾರು ಬಿಚ್ಚಿದ್ರು... ಬೆಲ್ಟಿಗೆ ಅದೆಲ್ಲ ಗೊತ್ತಾಗಲ್ಲಮ್ಮ.”

ಅತ್ತೆ ಹುಲ್ಲಿನ ಕಂತೆಯ ಮೇಲೆ ಕುಸಿದು ಕೂತರು. ಕಣ್ಣೀರು ಬರಲಿಲ್ಲ. ಅಳುವುದಕ್ಕೂ ಒಂದಿಷ್ಟು ಶಕ್ತಿ ಬೇಕಲ್ಲ... ಕಿರಿಮಗ ಒಳಬಂದು, ಹೆಂಡತಿಯ ಕೈಯಿಂದ ಸ್ಪ್ಯಾನರು ತೆಗೆದುಕೊಂಡು, ಉಳಿದ ನಟ್ಟುಗಳನ್ನು ಬಿಗಿದ. ಬೆಲ್ಟು ಜಾರಿದರೆ ಮೊದಲು ಸ್ವಿಚ್ಚು, ಆಮೇಲೆ ನಟ್ಟು, ಹಸು ಎಷ್ಟೇ ಕೂಗಲಿ ಎಂದು ಅಣ್ಣ ಹೇಳಿದ. ತೋಳು ಮಡಿಸಿಕೋ ಎಂದೂ ಹೇಳಿದ.

ಹೋಗು ಎಂದವರು ಮತ್ತೆ ಹೋಗು ಎನ್ನಲಿಲ್ಲ. ಇರು ಎಂದೂ ಅನ್ನಲಿಲ್ಲ. ಅತ್ತೆ ಅಂದಿನಿಂದ ಸೊಸೆಯೊಡನೆ ಮಾತು ಬಿಟ್ಟರು. ಹೇಳಬೇಕಾದದ್ದನ್ನೆಲ್ಲ ಬುಟ್ಟಿಯಲ್ಲಿದ್ದ ಮರಿಗಳಿಗೆ ಹೇಳುತ್ತಿದ್ದರು. “ಈ ಮನೇಲಿ ನಿಮ್ಮನ್ನೂ ನನ್ನನ್ನೂ ಕೇಳೋರಿಲ್ಲ, ತಿಂದು ಸುಮ್ನಿರಿ,” ಎನ್ನುವರು. ಸೊಸೆಗೆ ಒಮ್ಮೊಮ್ಮೆ ನಗು ಬರುತ್ತಿತ್ತು, ಒಮ್ಮೊಮ್ಮೆ ಪಾಪ ಅನಿಸುತ್ತಿತ್ತು. ಅತ್ತೆಯ ಮೌನ ಹೊರಬಹುದಾದ ಭಾರ ಎಂದುಕೊಂಡು ಅವಳು ತನ್ನ ಕೆಲಸ ಮಾಡಿಕೊಂಡಿದ್ದಳು.

ಒಂದು ಸಂಜೆ ಊಟಕ್ಕೆ ಮುಂಚೆ ಅವಳು ಹಿತ್ತಿಲಲ್ಲಿ ನಿಂತು ಚೊಂಬಿನಿಂದ ನೀರು ಹಾಕುತ್ತಿದ್ದಳು. ಗಂಡ ಎರಡೂ ಕೈಗಳನ್ನು ಒಂದಕ್ಕೊಂದು ಉಜ್ಜಿ ತೊಳೆದು ಒಳನಡೆದ. ಭಾವ ತನ್ನ ಒಂದೇ ಕೈಯನ್ನು ನೀರಿಗೊಡ್ಡಿದ. ಅಂಗೈಗೆ ಅಂಟಿದ ಹಸಿ ಮೇವಿನ ಕಲೆ ಬರಿಯ ನೀರಿಗೆ ಹೋಗುತ್ತಿರಲಿಲ್ಲ. ಅವನು ಕೈ ತೊಳೆಯುವಾಗಲೆಲ್ಲ ಮುಖ ತಿರುಗಿಸಿಕೊಳ್ಳುತ್ತಿದ್ದ ಅತ್ತೆ ಆ ದಿನ ಬಂದು ಪಕ್ಕದಲ್ಲಿ ನಿಂತರು. ಮಗನ ಕೈಯನ್ನು ತಮ್ಮೆರಡು ಕೈಗಳ ನಡುವೆ ಹಿಡಿದು, ಬೆರಳ ಸಂದಿಗಳನ್ನೂ ಬಿಡದೆ ತಿಕ್ಕಿ ತೊಳೆಯತೊಡಗಿದರು.

ಚೊಂಬು ಬರಿದಾಯಿತು.

“ಇನ್ನೂ ಸ್ವಲ್ಪ ಹಾಕು,” ಎಂದರು ಅತ್ತೆ, ಸೊಸೆಯ ಕಡೆ ನೋಡದೆ.

ಅವಳು ಬಗ್ಗಿ ನೀರು ತುಂಬಿಕೊಂಡಳು.