ಅಪ್ಪನ ದನಿಗೊಂದು ಕ್ಯಾಮೆರಾ

"ಏನು ಅಳಿಯಂದ್ರೇ, ಅಂಗಡಿ ಹೇಗೆ ನಡೀತಿದೆ?"

ಕ್ಯಾಮೆರಾ ಅಂಗಡಿಯ ಕೌಂಟರಿಗೆ ಮೊಣಕೈ ಊರಿ ಅಪ್ಪ ಹಾಗೆ ಕೇಳಿದಾಗ ಅವಳಿಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವಳಿಗೆ ಮದುವೆಯೇ ಆಗಿರಲಿಲ್ಲ. ಕೌಂಟರಿನ ಆಚೆ ನಿಂತವನನ್ನು ಅವಳು ನೋಡುತ್ತಿದ್ದುದೇ ಮೊದಲ ಸಲ.

ಅವನು ಗಲಿಬಿಲಿಯಾಗಿ ಅವಳತ್ತ ತಿರುಗಿದ. ಅವಳ ಕಣ್ಣು ಬೇಡಿಕೊಂಡಿತು.

"ಚೆನ್ನಾಗಿ ನಡೀತಿದೆ ಮಾವ. ಕೂತ್ಕೊಳ್ಳಿ," ಎಂದು ಸ್ಟೂಲ್ ಎಳೆದು ಹಾಕಿದ.

ಅಪ್ಪ ಒಂದು ಕಾಲಕ್ಕೆ ರೈಲ್ವೆ ಸ್ಟೇಷನ್ನಿನ ಅನೌನ್ಸರ್. ಊರಿಗೆ ಊರೇ ಅವರ ದನಿ ಕೇಳಿ ಪ್ಲಾಟ್‌ಫಾರ್ಮಿಗೆ ಓಡುತ್ತಿತ್ತು. ಈಗ ನೆನಪಿನ ಜೊತೆ ಮಾತುಗಳೂ ಒಂದೊಂದಾಗಿ ಅವರ ಕೈಬಿಟ್ಟು ಹೋಗುತ್ತಿದ್ದವು. ಪೂರ್ತಿ ಹೋಗುವ ಮೊದಲು ಆ ದನಿಯನ್ನು, ಆ ಮುಖವನ್ನು ಹಿಡಿದಿಡಬೇಕಿತ್ತು. ಅದೂ ಡೆಂಟಲ್ ಲ್ಯಾಬಿನಲ್ಲಿ ಕಟ್ಟುಹಲ್ಲಿನ ಸೆಟ್ ಮಾಡುವ ತನ್ನ ಸಂಬಳದಲ್ಲಿ.

"ವಿಡಿಯೋನೂ ಆಗ್ಬೇಕು, ಫೋಟೋನೂ ಬರ್ಬೇಕು. ಕೈಗೆಟಕೋದು ತೋರಿಸಿ."

"ಫೋನ್ ಸಾಕಾಗಲ್ವಾ?"

"ಫೋನ್ ಎತ್ತಿದ್ರೆ ಅಪ್ಪ ಕಸ್ಕೊಂಡು ಹಲೋ ಹಲೋ ಅಂತಾರೆ."

ಅವನು ನಗು ತಡೆದುಕೊಂಡ. ಅವಳಿಗೆ ತಡೆಯಲಾಗಲಿಲ್ಲ.

ಅವಳು ಬೆರಳು ಮಾಡಿ ತೋರಿಸಿದ ಕ್ಯಾಮೆರಾ ನೋಡಿ ಅವನು ಬೇಡವೆಂದು ತಲೆಯಾಡಿಸಿದ. "ಅದು ಬೇಡ. ನೋಡೋಕೆ ಚಂದ, ಆದ್ರೆ ಮೈಕ್ ಹಾಕೋ ಜಾಗಾನೇ ಇಲ್ಲ. ನಿಮಗೆ ಬೇಕಿರೋದು ಅವರ ಮಾತು ತಾನೇ?"

ಗಾಜಿನ ಕೆಳಗಿಂದ ಯಾರೋ ಬಳಸಿ ಮಾರಿದ್ದ ಹಳೇ ಮಾಡೆಲ್ ಒಂದನ್ನು ತೆಗೆದ. ಅಂಚೆಲ್ಲ ಸವೆದಿತ್ತು. "ಇದಕ್ಕೆ ಮೈಕ್ ಹಾಕ್ಬಹುದು. ಬರೀ ಕಿಟಕಿ ಬೆಳಕಲ್ಲೂ ಮುಖ ಚೆನ್ನಾಗಿ ಬರತ್ತೆ. ಮನೆಗೆ ಬಂದು ಕಲಿಸಿಕೊಡ್ತೀನಿ."

"ಎಲ್ಲಾ ಗಿರಾಕಿಗಳಿಗೂ ಹೀಗೇನಾ?"

"ಎಲ್ಲಾ ಗಿರಾಕಿಗಳೂ ಮಾವನ್ನ ಕರ್ಕೊಂಡು ಬರಲ್ಲ."

ಅವಳ ಕಿವಿ ಬಿಸಿಯಾಯಿತು.

ಭಾನುವಾರಗಳಲ್ಲಿ ಅವನು ಬರತೊಡಗಿದ. ಒಂದು ವಾರ ಫೋಕಸ್ ಕಲಿಸುವ ನೆಪ, ಇನ್ನೊಂದು ವಾರ ಬ್ಯಾಟರಿಯದು. ಆಮೇಲೆ ನೆಪಗಳೂ ಮುಗಿದವು, ಆದರೂ ಬಂದ. ಅಪ್ಪ ಅಳಿಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಳೆಯ ರೈಲುಗಳನ್ನೆಲ್ಲ ಅನೌನ್ಸ್ ಮಾಡಿ ಒಂದೊಂದಾಗಿ ಹೊರಡಿಸುತ್ತಿದ್ದರು. ಸ್ಕ್ರೀನಿನಲ್ಲಿ ಅಪ್ಪನನ್ನು ನೋಡಬೇಕಾದವಳ ಕಣ್ಣು ಪಕ್ಕಕ್ಕೆ ಜಾರುತ್ತಿತ್ತು. ಅವನೂ ಲೆನ್ಸ್ ದಾಟಿ ಅವಳನ್ನೇ ನೋಡುತ್ತಿದ್ದ. ಇನ್ನು ಬರಬೇಡಿ ಎನ್ನಬೇಕು ಎಂದು ಪ್ರತಿ ಸಲವೂ ಅಂದುಕೊಳ್ಳುವಳು. ಬಾಗಿಲು ತೆರೆಯುವಾಗ ಬಾಯಿಗೆ ಬರುತ್ತಿದ್ದುದು "ಯಾಕಿಷ್ಟು ಲೇಟು?"

ಒಂದು ಸಂಜೆ ಅಪ್ಪ ಮಾತಿನ ನಡುವೆ ಥಟ್ಟನೆ ನಿಲ್ಲಿಸಿದರು. ಮುಖ ತಿಳಿಯಾಗಿತ್ತು. ಅಂಥ ನೋಟ ನೋಡಿ ಅವಳಿಗೆ ಎಷ್ಟೋ ಕಾಲವಾಗಿತ್ತು.

"ಯಾರಯ್ಯಾ ನೀನು? ನನ್ನ ಮಗಳಿಗೆ ಮದುವೇನೇ ಆಗಿಲ್ಲ. ನೀನ್ಯಾವ ಸೀಮೆ ಅಳಿಯ?"

ಅವನು ಎದ್ದು ನಿಂತ. "ಕ್ಯಾಮೆರಾ ಅಂಗಡಿಯವನು ಸರ್."

"ಕ್ಯಾಮೆರಾ ಮಾರಿ ಆಯ್ತಲ್ಲ. ಮತ್ಯಾಕೆ ಬರ್ತೀಯ?"

ಅವನು ಬಾಗಿಲು ನೋಡಿದ, ಗೋಡೆ ನೋಡಿದ, ಕೊನೆಗೆ ಅವಳನ್ನು ನೋಡಿದ. ತಪ್ಪಿಸಿಕೊಳ್ಳಲು ಎಲ್ಲೂ ದಾರಿಯಿರಲಿಲ್ಲ.

"ಬರ್ದೇ ಇರೋಕೆ ಆಗ್ತಿಲ್ಲ ಸರ್."

"ಅವಳಿಗೆ ಹೇಳಿದ್ಯಾ?"

"ಇಲ್ಲ."

"ನನಗೆ ಹೇಳಿ ಏನು ಬಂತು? ನಾನು ನಾಳೆ ಮರೆತುಬಿಡ್ತೀನಿ. ಅವಳಿಗೆ ಹೇಳು."

ಅಷ್ಟು ಹೇಳಿ ಅಪ್ಪ ಕಿಟಕಿಯತ್ತ ತಿರುಗಿದರು. ನೋಡನೋಡುತ್ತಲೇ ಆ ತಿಳಿ ಮತ್ತೆ ಕದಡಿತು. ತುಟಿ ಯಾವುದೋ ರೈಲಿನ ಹೆಸರು ಗುನುಗತೊಡಗಿತು.

ಅವಳು ಕ್ಯಾಮೆರಾ ಕೆಳಗಿಟ್ಟಳು.

"ನಾನು ಅಪ್ಪನ್ನ ಬಿಟ್ಟು ಎಲ್ಲಿಗೂ ಬರೋಕಾಗಲ್ಲ. ಇನ್ಮೇಲೆ ಇವರದ್ದು ಕಷ್ಟ ಜಾಸ್ತಿನೇ ಆಗತ್ತೆ, ಕಮ್ಮಿ ಆಗಲ್ಲ."

"ಗೊತ್ತು."

"ಗೊತ್ತಿದ್ದೂ?"

"ಗೊತ್ತಿದ್ದೂ. ಏನ್ಮಾಡ್ಲಿ, ನನ್ನ ಕೈ ಮೀರಿ ಹೋಗಿದೆ. ನೀವು ಎಲ್ಲಿಗೂ ಬರ್ಬೇಡಿ. ನಾನೇ ಬರ್ತೀನಿ, ಇಲ್ಲಿಗೆ."

ಅವನು ಅವಳ ಕೈ ಹಿಡಿದುಕೊಂಡ. ಅಪ್ಪ ಇದ್ದಾರೆ, ಬಿಡಿಸಿಕೊಳ್ಳಬೇಕು ಎಂದುಕೊಂಡಳು. ಬೆರಳುಗಳು ಅವಳ ಮಾತು ಕೇಳಲಿಲ್ಲ.